ಊರು ಬಿಡುವ ಮುನ್ನ

ಕಮಲನಗರದ ಓದಿದ ಮಕ್ಕಳಿಗೆ ನೌಕರಿ ಸಿಗುವುದು ಹೆಚ್ಚಾಗಿ ಹೈದರಾಬಾದ್, ಪುಣೆ, ಇಲ್ಲವೇ ಬೆಂಗಳೂರಿನಲ್ಲಿ. ನೇಮಕಾತಿ ಪತ್ರ ಬಂದ ದಿನವೇ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ.

ಊರು ಬಿಟ್ಟರೆ ಸಂಸ್ಕಾರ ಕೆಡುತ್ತದೆಂಬ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದರೆನ್ನುವ ಮೋಳಿಗೆ ಮಾರಯ್ಯನವರು ಕಲ್ಯಾಣದಲ್ಲಿ ಕಟ್ಟಿಗೆ ಮಾರಿದರು. ಸೌರಾಷ್ಟ್ರದ ಆದಯ್ಯನವರು ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದವರು. ಇಷ್ಟಲಿಂಗ ಅಂಗೈಯಲ್ಲಿರುವಾಗ ಊರ ಗುಡಿಯ ಹಂಗೇಕೆ?

ಹಾಗೆಂದು ಉಳಿದವರು ಸಣ್ಣವರಲ್ಲ. ಇದೇ ಕಮಲನಗರದಲ್ಲಿ ಹುಟ್ಟಿದ ಪೂಜ್ಯ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲೂ ಈ ನೆಲದಲ್ಲೇ ಕನ್ನಡ ಶಾಲೆ ನಡೆಸಿದರು.

ನಾನು ಎಂಜಿನಿಯರ್, ಲೆಕ್ಕ ಕೇಳುತ್ತೇನೆ. ಬಾಡಿಗೆ, ಮುಂಗಡ, ಓಡಾಟ ಕಳೆದು ಸಂಬಳದಲ್ಲಿ ಉಳಿಯುವುದೆಷ್ಟು? ಹೊಲ ನೋಡುವವರಾರು? ರಾತ್ರಿ ತಾಯಿಗೆ ಎದೆನೋವು ಬಂದರೆ ಹೈದರಾಬಾದಿನಿಂದ ಬೆಳಗಾಗುವುದರೊಳಗೆ ಮನೆ ಸೇರಬಹುದು; ಬೆಂಗಳೂರಿನಿಂದ ಮರುದಿನವೇ ಸರಿ. 371(ಜೆ) ವಿಧಿಯಿಂದಾಗಿ ನಮ್ಮ ಭಾಗದ ಸರಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ 'ಸಿ' ಗುಂಪಿನಲ್ಲಿ ಶೇ. 80, 'ಡಿ' ಗುಂಪಿನಲ್ಲಿ ಶೇ. 85 ಮೀಸಲಿದೆ. ಅದಕ್ಕೆ ಓದುವವರು ಓದಲಿ, ಆದರೆ ಗಡುವು ಹಾಕಿಕೊಂಡು. ಅಧಿಸೂಚನೆಗೆ ಕಾಯುತ್ತ ಐದಾರು ವರ್ಷ ಕಟ್ಟೆಯ ಮೇಲೆ ಕೂಡುವುದು ಕಾಯಕವಲ್ಲ.

ನನಗೆ ಬೇಸರವಿರುವುದು ಬೇರೆಡೆ. ಊರಲ್ಲೇ ಉಳಿದು ಒಕ್ಕಲುತನ ಮಾಡುವ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುವ ನಾವೇ ವೇದಿಕೆಯಲ್ಲಿ ಕಾಯಕದ ಹಿರಿಮೆ ಹೇಳುತ್ತೇವೆ. ಮಗಳಿಗೆ ದೂರದ ನೌಕರಿ ಬಂದರಂತೂ ಲೆಕ್ಕವೇ ಇಲ್ಲ, ಮೊದಲೇ 'ಬೇಡ'. ಅಕ್ಕನ ಹೆಸರು ಹೇಳುವ ಮನೆಗಳಲ್ಲೂ ಹೀಗೇ. ಮಗನಿಗೆ ಹಾಕುವ ಲೆಕ್ಕವನ್ನೇ ಅವಳೊಂದಿಗೂ ಕೂತು ಹಾಕಿ, ತೀರ್ಮಾನ ಅವಳದಿರಲಿ.