ಕಣ್ಣಿನ ಮಗು, ಕಿವಿಯ ಮಗು

ಶಾಲೆ ಶುರುವಾಗುವ ಹೊತ್ತಿನಲ್ಲಿ ಪುಸ್ತಕದಂಗಡಿಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಅಂಥದೊಂದು ಗದ್ದಲದಲ್ಲಿ ಕಿವಿಗೆ ಬಿದ್ದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಮೂರನೇ ತರಗತಿಯವನಿರಬೇಕು, ಹುಡುಗನೊಬ್ಬ ಕಥೆಪುಸ್ತಕ ಹಿಡಿದು ನಿಂತಲ್ಲೇ ಓದುತ್ತಿದ್ದ. ತಾಯಿ ಮೆಲ್ಲಗೆ ಅದನ್ನು ಅವನ ಕೈಯಿಂದ ತೆಗೆದು ಕಪಾಟಿಗೆ ಸೇರಿಸಿದರು. "ಅಣ್ಣಾ, ಇವನು ವಿಶುವಲ್ ಲರ್ನರ್ ಅಂತ ಸ್ಕೂಲಲ್ಲಿ ಟೆಸ್ಟ್ ಮಾಡಿ ಹೇಳಿದ್ದಾರೆ. ಬರೀ ಅಕ್ಷರ ಇರೋದು ಬೇಡ, ಚಿತ್ರ ಜಾಸ್ತಿ ಇರೋದು ಕೊಡಿ" ಎಂದರು. ಹುಡುಗ ತುಟಿ ಬಿಚ್ಚಲಿಲ್ಲ. ಆ ತಾಯಿಯ ಮಾತಿನಲ್ಲಿದ್ದದ್ದು ಅಪ್ಪಟ ಕಾಳಜಿ. ಮಗನ ಸ್ವಭಾವ ಗೊತ್ತಾಯಿತಲ್ಲ, ಇನ್ನು ಅದಕ್ಕೆ ಒಗ್ಗುವುದನ್ನೇ ಕೊಡಿಸೋಣ ಎಂಬ ಸಮಾಧಾನವೂ ಇತ್ತು.

ಮಕ್ಕಳನ್ನು ಹೀಗೆ ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು, ಕೈಯಾರೆ ಮಾಡಿ ಕಲಿಯುವವರು ಎಂದು ವಿಂಗಡಿಸುವುದು ಈಗ ಸಣ್ಣ ಪಟ್ಟಣಗಳ ಶಾಲೆಗಳಿಗೂ ಬಂದಿದೆ. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರದು. ಅವರು ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ಒಳ್ಳೆಯ ಮೇಷ್ಟರ ಪಾಠವೂ ಕೆಲವು ಮಕ್ಕಳ ತಲೆಗೆ ಹತ್ತುವುದಿಲ್ಲ, ಸಾಧಾರಣ ಮೇಷ್ಟರ ಪಾಠ ಕೆಲವರಿಗೆ ಚೆನ್ನಾಗಿಯೇ ಹತ್ತುತ್ತದೆ, ಯಾಕೆ ಎಂಬ ಪ್ರಶ್ನೆ ಅವರನ್ನು ಕಾಡಿತ್ತು. ಪ್ರಾಮಾಣಿಕ ಪ್ರಶ್ನೆ. 1992ರಲ್ಲಿ ಕಾಲೀನ್ ಮಿಲ್ಸ್ ಜೊತೆ ಬರೆದ ಲೇಖನದಲ್ಲಿ ಅವರು ಕೊಟ್ಟದ್ದು ನಾಲ್ಕು ಬಗೆ: ನೋಡಿ, ಕೇಳಿ, ಓದಿ-ಬರೆದು, ಮಾಡಿ. ವಿದ್ಯಾರ್ಥಿ ತಾನು ಹೇಗೆ ಓದುತ್ತೇನೆಂದು ಒಮ್ಮೆ ಯೋಚಿಸಲಿ ಎಂಬುದು ಅವರ ಉದ್ದೇಶವಾಗಿತ್ತು. ಎಂಟು ವರ್ಷದ ಮಗುವಿನ ಕೈಯಿಂದ ಪುಸ್ತಕ ತೆಗೆಯಬೇಕೆಂದು ಅವರು ಹೇಳಿರಲಿಲ್ಲ.

2004ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಇಂಥ ಕಲಿಕಾ ಶೈಲಿಯ ಸಿದ್ಧಾಂತಗಳನ್ನು ಒಟ್ಟುಗೂಡಿಸಿದಾಗ ಸಿಕ್ಕಿದ್ದು 71. ಒಂದೇ ಮಗು ಒಂದರ ಪ್ರಕಾರ ಒಂದು ಬಗೆ, ಇನ್ನೊಂದರ ಪ್ರಕಾರ ಇನ್ನೊಂದು ಬಗೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು ನೇರವಾದ ಪರೀಕ್ಷೆಯೊಂದನ್ನು ಮುಂದಿಟ್ಟರು. ಕಣ್ಣಿನ ಮಕ್ಕಳಲ್ಲಿ ಅರ್ಧ ಜನಕ್ಕೆ ಚಿತ್ರದ ಪಾಠ, ಅರ್ಧ ಜನಕ್ಕೆ ಮಾತಿನ ಪಾಠ ಮಾಡಿ. ಕಿವಿಯ ಮಕ್ಕಳಿಗೂ ಹಾಗೆಯೇ. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಿ. ಕಣ್ಣಿನವರು ಚಿತ್ರದಲ್ಲಿ, ಕಿವಿಯವರು ಮಾತಿನಲ್ಲಿ ಮುಂದೆ ಬಂದರೆ ಸಿದ್ಧಾಂತ ನಿಲ್ಲುತ್ತದೆ. ಇಷ್ಟು ಕಟ್ಟುನಿಟ್ಟಾಗಿ ನಡೆದ ಅಧ್ಯಯನಗಳು ಬೆರಳೆಣಿಕೆಯಷ್ಟು, ಅವುಗಳಲ್ಲೂ ಹೆಚ್ಚಿನವು ಸಿದ್ಧಾಂತಕ್ಕೆ ವಿರುದ್ಧವಾಗಿಯೇ ಹೇಳಿದವು. ಮಗುವಿಗೆ ಚಿತ್ರ ಇಷ್ಟ ಎನ್ನುವುದು ನಿಜವಿರಬಹುದು. ಇಷ್ಟವಾದದ್ದರಿಂದಲೇ ಹೆಚ್ಚು ಕಲಿಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಇಷ್ಟಾದರೂ ಶಿಕ್ಷಕರ ತರಬೇತಿಗಳಲ್ಲಿ ಇದು ಸಿದ್ಧ ಸತ್ಯವೆಂಬಂತೆ ನಡೆಯುತ್ತಿದೆ. ಅದರ ಜೊತೆಗೇ ಬರುವ ಇನ್ನೊಂದು ಸ್ಲೈಡ್ ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಮಾಡಿದ್ದರಲ್ಲಿ ಶೇ. 90 ಎಂಬ ತ್ರಿಕೋನ. ಕೆಳಗೆ ಎಡ್ಗರ್ ಡೇಲ್ ಹೆಸರು. 1946ರ ಪುಸ್ತಕದಲ್ಲಿ ಡೇಲ್ ಶಂಕುವಿನಾಕಾರದ ಚಿತ್ರವೊಂದನ್ನು ಬರೆದದ್ದು ಹೌದು. ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಆಮೇಲೆ ಯಾರೋ ಗುಂಡಗಿನ ಸಂಖ್ಯೆಗಳನ್ನು ಅಂಟಿಸಿದರು. ಮನುಷ್ಯನ ನೆನಪು ಇಷ್ಟು ನೀಟಾಗಿ ಹತ್ತು ಹತ್ತರ ಲೆಕ್ಕದಲ್ಲಿ ಕೂರುತ್ತದೆಯೇ ಎಂದು ಕೇಳುವ ಒಬ್ಬ ಮೇಷ್ಟರು ಸಭೆಯಲ್ಲಿದ್ದರೆ ಸಾಕಿತ್ತು. ಕೇಳಲು ಪುರಸೊತ್ತು ಕೊಡದಂತೆ ಮುಂದಿನ ಸ್ಲೈಡ್ ಬಂದಿರುತ್ತದೆ.

ಇಂಥ ವಿಂಗಡಣೆ ಇಲ್ಲದ ಕಾಲದಲ್ಲಿ ಹೇಗೆ ಕಲಿಸುತ್ತಿದ್ದರು ಎಂದು ನೋಡಲು ನಮ್ಮ ಹಳೆಯ ಊರಶಾಲೆಗಳಾದ ಕೂಲಿಮಠಗಳಿಗೆ ಹೋಗೋಣ. ಬಳ್ಳಾರಿಗೆ, 1823ಕ್ಕೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಜಿಲ್ಲೆ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ್ದರು. ಹೆಚ್ಚಿನ ಕಲೆಕ್ಟರುಗಳು ಕೋಷ್ಟಕ ತುಂಬಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ ಆಗಸ್ಟ್ 17ರ ತಮ್ಮ ವರದಿಯಲ್ಲಿ ಶಾಲೆಯೊಳಗೆ ದಿನ ಹೇಗೆ ಕಳೆಯುತ್ತದೆಂದು ಬರೆದರು. ಇತಿಹಾಸಕಾರ ಧರ್ಮಪಾಲರ 1983ರ ಪುಸ್ತಕದಲ್ಲಿ ಅದು ಪೂರ್ತಿ ಅಚ್ಚಾಗಿದೆ. 533 ಶಾಲೆ, 6,641 ಮಕ್ಕಳು. ಅವರಲ್ಲಿ ಹಿಂದೂ ಹೆಣ್ಣುಮಕ್ಕಳು 60. ಆ ಅರವತ್ತು ಎಂಬ ಸಂಖ್ಯೆಯನ್ನು ದಾಟಿ ಹೋಗಿ ಹಳೆಯ ಶಾಲೆಯನ್ನು ಹೊಗಳುವವರ ಜೊತೆ ನಾನಿಲ್ಲ.

ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಜಾಸ್ತಿ. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ಸೂರಿನಿಂದ ತೂಗುಹಾಕುವುದೂ ಇತ್ತು. ಇದನ್ನೂ ಕ್ಯಾಂಬೆಲ್ ಮರೆಮಾಚಿಲ್ಲ.

ಕಲಿಸುವ ಕ್ರಮ ಹೀಗೆ. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತದೆ. ಯುರೋಪಿನಲ್ಲಿ ಅಕ್ಷರಮಾಲೆಯನ್ನು ಬಾಯಲ್ಲಿ ಹೇಳಿಸುತ್ತಾರೆ, ಇಲ್ಲಿ ಕೈಯಿಂದ ಶುರು ಎಂದು ಕ್ಯಾಂಬೆಲ್ ಗುರುತಿಸುತ್ತಾರೆ. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಒಂದಡಿ ಅಗಲ, ಮೂರಡಿ ಉದ್ದದ್ದು, ಅನ್ನ ಮತ್ತು ಇದ್ದಿಲು ಪುಡಿ ಬಳಿದದ್ದು. ಕಡತವೆಂದರೆ ಗಂಜಿ ಹಾಕಿ ಗಡುಸು ಮಾಡಿದ ಬಟ್ಟೆ. ಅದನ್ನು ಪುಸ್ತಕದಂತೆ ಮಡಚಿ, ಇದ್ದಿಲು ಮತ್ತು ಅಂಟು ಸವರುತ್ತಿದ್ದರು. ಬಳಪದಲ್ಲಿ ಬರೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಕಾಗುಣಿತ, ಒತ್ತಕ್ಷರ ಬಂದ ಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು. ಲೆಕ್ಕದಲ್ಲಿ ಭಿನ್ನರಾಶಿಗೆ ತುಂಬ ಒತ್ತು. ಅದು ಇಳಿಯುವುದು ಹತ್ತರಲ್ಲಿ ಅಲ್ಲ, ನಾಲ್ಕರಲ್ಲಿ: ಕಾಲು, ಅದರ ಕಾಲು ವೀಸ, ಹೀಗೆ ಕೆಳಕೆಳಕ್ಕೆ. ಮಾಗಿದ ಮಕ್ಕಳಿಗೆ ಮೇಷ್ಟರು ಎಲ್ಲೆಲ್ಲಿಂದಲೋ ಕೂಡಿಹಾಕಿದ ನಿಜವಾದ ಕಾಗದಪತ್ರಗಳನ್ನು ಕೊಟ್ಟು, ಬೇರೆ ಬೇರೆ ಕೈಬರಹವನ್ನು ಬಿಡಿಸಿ ಓದಿಸುತ್ತಿದ್ದರು. ಪದ್ಯ ಬಾಯಿಪಾಠ ಮಾಡಿಸುತ್ತಿದ್ದದ್ದು ಉಚ್ಚಾರಣೆ ತಿಳಿಯಾಗಲೆಂದು. ಅರ್ಥ ಮಾತ್ರ ಮಕ್ಕಳಿಗೆ ತಿಳಿದಿರುತ್ತಿರಲಿಲ್ಲ ಎಂದು ಕ್ಯಾಂಬೆಲ್ ದೂರುತ್ತಾರೆ. ಅದು ಸರಿಯಾದ ದೂರೇ.

ಇಲ್ಲಿ ಕಣ್ಣು, ಕಿವಿ, ಕೈ, ಬಾಯಿ ಎಲ್ಲವೂ ಇವೆ. ಆದರೆ ಯಾರಿಗೆ ಯಾವುದು ಎಂದು ಹಂಚಿಲ್ಲ. ಅಕ್ಷರದ ಆಕಾರ ಕಲಿಯಲು ಎಲ್ಲರಿಗೂ ಬೆರಳು, ಅಪರಿಚಿತ ಕೈಬರಹಕ್ಕೆ ಎಲ್ಲರಿಗೂ ಕಣ್ಣು, ಪದ್ಯಕ್ಕೆ ಎಲ್ಲರಿಗೂ ಕಿವಿ ಮತ್ತು ನಾಲಿಗೆ. ವಿಧಾನ ಬದಲಾದದ್ದು ಕಲಿಯುವ ವಿಷಯವನ್ನು ನೋಡಿ.

ಈ ಮಾತಿಗೆ ನಮ್ಮ ಲಿಪಿಯಲ್ಲೇ ಸಾಕ್ಷಿ ಇದೆ. 'ಸರ್ಪ' ಎಂದು ಬರೆಯುವ ಎರಡನೇ ತರಗತಿಯ ಮಗುವಿನ ಪಕ್ಕ ಕುಳಿತು ನೋಡಿ. ಕಿವಿಗೆ ಸ, ಆಮೇಲೆ ರ್, ಕೊನೆಗೆ ಪ ಕೇಳುತ್ತದೆ. ಕಣ್ಣಿಗೆ ಕಾಣುವುದು ಸ, ಪ, ಅದಾದ ಮೇಲೆ ಅರ್ಕಾವತ್ತು. ಕೇಳಿದ ಕ್ರಮವೇ ಬೇರೆ, ಬರೆಯುವ ಕ್ರಮವೇ ಬೇರೆ. ಮಗು 'ಸ' ಬರೆದು ಬಳಪ ಎತ್ತುತ್ತದೆ, ಬಾಯಲ್ಲಿ ಮತ್ತೊಮ್ಮೆ ಹೇಳಿಕೊಳ್ಳುತ್ತದೆ, ಪೂರ್ತಿ 'ರ' ಬರೆದುಬಿಡುತ್ತದೆ, ಒರೆಸುತ್ತದೆ. ಕಿವಿಯ ಮಗು ಎಂದು ಹಣೆಪಟ್ಟಿ ಹಚ್ಚಿದವನಿಗೆ ಕಿವಿಯೇ ಇಲ್ಲಿ ದಾರಿ ತಪ್ಪಿಸುತ್ತದೆ. ಕಣ್ಣಿನ ಮಗುವಿಗೆ ಆಕಾರ ಗೊತ್ತಿದ್ದರೂ ಆ ಕೊಂಕಿ ಯಾವ ಸದ್ದಿನದು ಎಂದು ಕಿವಿಯೇ ಹೇಳಬೇಕು. ಎರಡೂ ಕೂಡಿದರೆ ಮಾತ್ರ ಅದು ಸರ್ಪ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಮಾಡಿದ ಅಧ್ಯಯನ, 2007ರಲ್ಲಿ ಪ್ರಕಟವಾದದ್ದು, ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಕಲಿಕೆ ಮುಗಿದಿರುವುದಿಲ್ಲ ಎಂದು ತೋರಿಸಿತ್ತು. ಒಂದನೇ ತರಗತಿಯಲ್ಲಿ ವರ್ಣಮಾಲೆ ಮುಗಿಸಿಬಿಟ್ಟೆವೆಂದು ಕೂರುವ ಶಾಲೆಗಳು ಇದನ್ನು ಓದಬೇಕು.

ಮಗು ಯಾವ ಇಂದ್ರಿಯದಿಂದ ಕಲಿಯುತ್ತದೆ ಎಂಬ ಪ್ರಶ್ನೆ ಇಟ್ಟುಕೊಂಡೇ ನಾನು ಈ ವಾರ ಕ್ಯಾಂಬೆಲ್ ವರದಿಯನ್ನು ಮತ್ತೆ ತೆರೆದದ್ದು. ಓದುತ್ತ ಹೋದಂತೆ, ಇಷ್ಟು ವರ್ಷ ಮರಳು-ಬಳಪದ ಮೋಹದಲ್ಲಿ ಬೇಗ ದಾಟುತ್ತಿದ್ದ ಒಂದು ವಿವರದ ಮುಂದೆ ನಿಂತೆ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು. ಮಗು ಒಂದರಿಂದ ಇನ್ನೊಂದಕ್ಕೆ ಏರುವುದು ತನ್ನ ಶಕ್ತಿ ಮತ್ತು ಪ್ರಗತಿಗೆ ತಕ್ಕಂತೆ, ವಯಸ್ಸನ್ನು ನೋಡಿ ಅಲ್ಲ. ಕೆಳಗಿನವರಿಗೆ ಮುಂದಿರುವ ಹುಡುಗರು ಹೇಳಿಕೊಡುತ್ತಾರೆ, ಮೇಷ್ಟರ ಕಣ್ಣು ಎಲ್ಲರ ಮೇಲೆ. ಮುಂದಿರುವವನು ಹೇಳಿಕೊಡುತ್ತ ತನ್ನದನ್ನೂ ಗಟ್ಟಿಮಾಡಿಕೊಳ್ಳುತ್ತಾನೆ. ಇದನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾರೆ. ಅವರಿಗಿಂತ ಮೊದಲೇ ಆಂಡ್ರ್ಯೂ ಬೆಲ್ ಮದ್ರಾಸಿನ ಅನಾಥಾಲಯದಲ್ಲಿ ಇಂಥದನ್ನೇ ನಡೆಸಿ, ಇಂಗ್ಲೆಂಡಿಗೆ ಒಯ್ದು, 1797ರಲ್ಲಿ ಪುಸ್ತಕ ಪ್ರಕಟಿಸಿದ್ದರು.

ಹಾಗಾದರೆ ಮಕ್ಕಳ ನಡುವಿನ ವ್ಯತ್ಯಾಸ ಕಣ್ಣು-ಕಿವಿಗಳಲ್ಲಿ ಇಲ್ಲ. ಒಬ್ಬನಿಗೆ ಈಗಾಗಲೇ ಏನು ಬರುತ್ತದೆ, ಇನ್ನೊಬ್ಬನಿಗೆ ಏನು ಬಾರದು, ಯಾರು ಎಲ್ಲಿ ತಡವರಿಸುತ್ತಿದ್ದಾರೆ ಎಂಬುದರಲ್ಲಿದೆ. ಅದನ್ನು ಯಾರು ನೋಡುತ್ತಿದ್ದಾರೆ ಎಂಬುದೇ ನಾನು ಕೇಳಬೇಕಿದ್ದ ಪ್ರಶ್ನೆ.

ಇದಕ್ಕೆ ನಮ್ಮಲ್ಲೇ ಒಂದು ಉತ್ತರ ಹುಟ್ಟಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟರುಗಳು ಆಂಧ್ರದ ಋಷಿವ್ಯಾಲಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ 'ನಲಿ-ಕಲಿ'. ಹೆಸರು ಕೇಳಿದವರು ಅದನ್ನು ಹಾಡು-ಕುಣಿತದ ಪದ್ಧತಿ ಎಂದುಕೊಳ್ಳುತ್ತಾರೆ. ಅದರ ಜೀವ ಇರುವುದು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ. ಮಗು ತನ್ನ ಮೆಟ್ಟಿಲು ನೋಡಿಕೊಂಡು ತನ್ನ ಕಾರ್ಡು ತೆಗೆದುಕೊಳ್ಳುತ್ತದೆ. ಯಾವ ಗುಂಪಿಗೆ ಹೋಗಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಒಂದು ಗುಂಪಿಗೆ ಮೇಷ್ಟರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ, ಮತ್ತೊಂದಕ್ಕೆ ಗೆಳೆಯರದು, ಕೊನೆಯದಕ್ಕೆ ಸ್ವಂತ ಕಲಿಕೆ. ಅಕ್ಷರಗಳು ಅ ಆ ಇ ಈ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು. ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಂದು ಮಗು ಓದಿಯೇ ಬಿಡುತ್ತದೆ. ಕೂಲಿಗೆ ಹೊರಟ ಅಪ್ಪ-ಅಮ್ಮನ ಜೊತೆ ಊರು ಬಿಟ್ಟಿದ್ದ ಮಗು ತಿಂಗಳ ಮೇಲೆ ಬಂದರೆ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಅದನ್ನು ದಡ್ಡ ಎಂದು ಕರೆಯಬೇಕಾದ ಪ್ರಮೇಯವೇ ಬರುವುದಿಲ್ಲ. 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿಸಿದ ಮೇಲೆ ಎಷ್ಟೋ ಕಡೆ ಅದು ಪಟ್ಟಿ ತುಂಬುವ ಕೆಲಸವಾಯಿತು ಎಂಬ ದುಃಖ ನನಗಿದೆ. ಆದರೂ ಮೆಟ್ಟಿಲಿನ ವಿಚಾರ ಸರಿಯಾದದ್ದು.

ಹಣೆಪಟ್ಟಿಯಿಂದ ಇನ್ನೂ ದೊಡ್ಡ ಅಪಾಯವಿದೆ. ಬೋರ್ಡು ಮಸುಕಾಗಿ ಕಾಣುವ ಮಗು ಕೇಳಿ ಕಲಿಯುವುದು ಸಹಜ. ಅದಕ್ಕೆ ಬೇಕಾದದ್ದು ಕನ್ನಡಕ. ಅಕ್ಷರಗಳು ಎಷ್ಟು ತಿದ್ದಿದರೂ ಕೂಡದ ಮಗುವಿಗೆ ಡಿಸ್ಲೆಕ್ಸಿಯಾ ಇರಬಹುದು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ, ಅಂಥ ಮಕ್ಕಳಿಗೆ ನೆರವು ಸಿಗಬೇಕು. 'ಇವನು ಮಾಡಿ ಕಲಿಯುವ ಬಗೆಯವನು' ಎಂದು ಬರೆದುಕೊಟ್ಟರೆ ಮನೆಯವರು ನೆಮ್ಮದಿಯಿಂದ ಇದ್ದುಬಿಡುತ್ತಾರೆ, ವರ್ಷಗಳು ಕಳೆದುಹೋಗುತ್ತವೆ. ಬೆರಳಿನಿಂದ ಓದುವ, ಸನ್ನೆಯಿಂದ ಮಾತಾಡುವ ಮಕ್ಕಳ ಅಗತ್ಯ ಶೈಲಿಯ ಮಾತೇ ಅಲ್ಲ, ಅದು ಹಕ್ಕಿನ ಮಾತು.

ಈ ತಿಂಗಳು ಪೋಷಕರ ಸಭೆಗೆ ಹೋಗುವವರಲ್ಲಿ ನನ್ನದೊಂದು ವಿನಂತಿ. ನನ್ನ ಮಗು ಯಾವ ಶೈಲಿಯದು ಎಂದು ಟೀಚರನ್ನು ಕೇಳಬೇಡಿ. ಯಾವ ಒತ್ತಕ್ಷರದಲ್ಲಿ ತಡವರಿಸುತ್ತಾನೆ, ಕಳೆಯುವ ಲೆಕ್ಕದಲ್ಲಿ ದಶಕ ತರುವಾಗ ಏನು ಮಾಡುತ್ತಾಳೆ ಎಂದು ಕೇಳಿ. ಉತ್ತರ ಬಂದರೆ ಕುಳಿತು ಪೂರ್ತಿ ಕೇಳಿಸಿಕೊಳ್ಳಿ. ಬರದಿದ್ದರೆ ಅವರ ಮೇಲೆ ರೇಗಬೇಡಿ. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಪಾಠ ಬಿಟ್ಟು ಇನ್ನೇನೇನು ಕೆಲಸ ಹಚ್ಚಿದ್ದಾರೆ ಎಂದು ವಿಚಾರಿಸಿ. ಆ ಉತ್ತರವನ್ನು ಹೆಡ್‌ಮಾಸ್ಟರ ಮುಂದೆಯೂ ಶಾಲಾಭಿವೃದ್ಧಿ ಸಮಿತಿಯ ಮುಂದೆಯೂ ಇಡಿ.