ಜಯಲಕ್ಷ್ಮಿವಿಲಾಸದ ತಾರಸಿ

ಮೈಸೂರಿನ ಜಯಲಕ್ಷ್ಮಿವಿಲಾಸ ಅರಮನೆಗೆ ನೂರಿಪ್ಪತ್ತು ತುಂಬಿದೆ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಮನೆ ಇದು. ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಸುತ್ತಲಿನ ಜಮೀನಿನ ಸಮೇತ 10 ಲಕ್ಷ ರೂಪಾಯಿಗೆ ಕೊಂಡಿತು. ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿ ಬೆಳೆದದ್ದು ಆ ನೆಲದಲ್ಲೇ.

1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಜಾನಪದ ವಿದ್ವಾಂಸ ಜೀಶಂಪ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮತ್ತು ಅವರ ಒಡನಾಡಿಗಳು ಹಳ್ಳಿಹಳ್ಳಿ ಅಲೆದು ನೇಗಿಲು, ಕೂರಿಗೆ, ಸೋಮನ ಮುಖ, ಯಕ್ಷಗಾನದ ಕಿರೀಟ, ತೊಗಲುಗೊಂಬೆಗಳನ್ನು ತಂದು ಕೂಡಿಟ್ಟರು. ಇದೇ ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗಳಿವೆ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಅಲ್ಲಿ. ಅದು ಬರೆಯಬಲ್ಲವರ ಭಂಡಾರವಾದರೆ ಜಯಲಕ್ಷ್ಮಿವಿಲಾಸ ಅಕ್ಷರ ಕಾಣದವರ ಗ್ರಂಥಾಲಯ. ಎರಡಕ್ಕೂ ಶತ್ರು ಒಂದೇ, ತೇವ.

ತೊಗಲುಗೊಂಬೆಯನ್ನೇ ನೋಡಿ. ಹದಮಾಡಿದ ತೊಗಲು ತೆಳ್ಳಗಿದ್ದರೇನೇ ದೀಪದ ಬೆಳಕು ಅದರ ಬಣ್ಣವನ್ನು ಹಾಯ್ದು ಪರದೆಗೆ ಬೀಳುವುದು. ಥಂಡಿ ಹಿಡಿದರೆ ಅದು ಮೆತ್ತಗಾಗಿ ಬೂಷ್ಟು ಕಟ್ಟುತ್ತದೆ. ಒಣಗಿದಾಗ ಅಂಚು ಸುರುಳಿಯಾಗಿ, ಬಿಡಿಸಹೋದರೆ ಮುರಿಯುತ್ತದೆ. ಒಮ್ಮೆ ಮುರಿದ ರಾವಣನ ತೋಳನ್ನು ಯಾವ ಅನುದಾನವೂ ಮೊದಲಿನಂತೆ ಕೂಡಿಸಲಾರದು.

ಇನ್ಫೊಸಿಸ್ ಪ್ರತಿಷ್ಠಾನದ 1.17 ಕೋಟಿ ರೂಪಾಯಿ ನೆರವಿನಲ್ಲಿ ಈ ಕಟ್ಟಡ 2006ರ ಹೊತ್ತಿಗೆ ಹೊಸ ಕಳೆ ಪಡೆಯಿತು. ಅಂದು ಊರೇ ಸಂತೋಷಪಟ್ಟಿತು. ಎರಡು ದಶಕ ತುಂಬುವುದರೊಳಗೆ ಪಶ್ಚಿಮ ಭಾಗದ ದುರಸ್ತಿಗೆ ಮತ್ತೆ ಹೊರಗಿನ ನೆರವು ಬೇಕಾಗಿದೆ. ಈ ಸಲ ಅಮೆರಿಕದ ಸಾಂಸ್ಕೃತಿಕ ಸಂರಕ್ಷಣಾ ನಿಧಿ ಮುಂದೆ ಬಂದಿದೆ, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿದೆ. ಕೈಹಿಡಿದವರಿಗೆಲ್ಲ ನಾವು ಋಣಿಗಳು. ಆದರೆ ನಡುವಿನ ವರ್ಷಗಳ ಲೆಕ್ಕವನ್ನು ನಾವೇ ಕೊಡಬೇಕು.

ಹಳೆಯ ಮೈಸೂರಿನ ಕಟ್ಟಡಗಳು ಸುಣ್ಣದ ಗಾರೆಯವು. ಗಾರೆ ಉಸಿರಾಡುತ್ತದೆ, ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಸಿಕ್ಕಿಕೊಂಡು ತೊಲೆಯ ತುದಿ ಕೊಳೆಯುತ್ತದೆ. ತೊಲೆ ಕೊಳೆಯುವುದು ಕೆಳಗೆ ನಿಂತವರಿಗೆ ಕಾಣುವುದೇ ಇಲ್ಲ. 2012ರ ಆಗಸ್ಟಿನಲ್ಲಿ ಇದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ತೀರಿಕೊಂಡರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಇಷ್ಟಾದ ಮೇಲೂ ನಿರ್ವಹಣೆಯ ಹಣವನ್ನು ಬಜೆಟ್ಟಿನ ಕೊನೆಯ ಸಾಲಿಗೆ ತಳ್ಳುವುದು ನನ್ನ ದೃಷ್ಟಿಯಲ್ಲಿ ಅಪರಾಧ.

ವಸ್ತುಸಂಗ್ರಹಾಲಯ ಬೆಳೆಯಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಹೊಸ ಕಟ್ಟಡವನ್ನೇ ಎಬ್ಬಿಸಬೇಕಿಲ್ಲ. ಈ ಅರಮನೆಯಲ್ಲಿ ನೂರಕ್ಕೂ ಹೆಚ್ಚು ಕೋಣೆಗಳಿವೆ. ಗಟ್ಟಿಯಾದ ಒಂದೊಂದೇ ಕೋಣೆಯನ್ನು ತೆರೆದು, ಒಂದರಲ್ಲಿ ಜನಪದ ಕಾವ್ಯಗಳ ಪುಸ್ತಕ ಮತ್ತು ಧ್ವನಿಮುದ್ರಣಗಳನ್ನು ಇಟ್ಟರೆ, ಕಂಸಾಳೆಯನ್ನು ಕಣ್ಣಲ್ಲಿ ನೋಡಿದ ಹುಡುಗಿ ಪಕ್ಕದ ಕೋಣೆಯಲ್ಲೇ ಆ ತಾಳಕ್ಕೆ ಹಾಡುವ ಮಾದೇಶ್ವರನ ಕತೆಯನ್ನು ಕಿವಿಯಾರೆ ಕೇಳಬಹುದು.

ಅದಕ್ಕೆ ಮೊದಲು ಗಾರೆಕೆಲಸ ಬಲ್ಲ ಇಬ್ಬರನ್ನು ಕಾಯಂ ಆಗಿ ನೇಮಿಸಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಅವರು ತಾರಸಿ ಹತ್ತಿ, ನೀರು ಹೋಗುವ ಕೊಳವೆಗಳಿಂದ ಎಲೆ ತೆಗೆದು, ಬಿರುಕಿನಲ್ಲಿ ಚಿಗುರಿದ ಅರಳಿಸಸಿಯನ್ನು ಬೇರುಸಮೇತ ಕೀಳಲಿ.