ಇಳಕಲ್ ಹೆಸರಿನ ಸೀರೆ, ನಮ್ಮ ಸಭೆಯ ಶಾಲು

ಶ್ರಾವಣ ಬಂದಿತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪೇಟೆಗಳಲ್ಲಿ ಇಳಕಲ್ ಸೀರೆಯ ವ್ಯಾಪಾರ ಜೋರಾಗುತ್ತದೆ. ಮಠದ ಪ್ರವಚನಕ್ಕೆ ಬರುವ ತಾಯಂದಿರಲ್ಲಿ ಅನೇಕರು ಉಡುವುದು ಅದನ್ನೇ. ಅದರ ಆಸುಪಾಸಿನಲ್ಲೇ, ಆಗಸ್ಟ್ 7ರಂದು, ರಾಷ್ಟ್ರೀಯ ಕೈಮಗ್ಗ ದಿನವೂ ಬರುತ್ತದೆ. 1905ರ ಸ್ವದೇಶಿ ಚಳವಳಿಯ ಸ್ಮರಣೆಗಾಗಿ 2015ರಿಂದ ಇದನ್ನು ಆಚರಿಸಲಾಗುತ್ತಿದೆ. ಭಾಷಣಗಳಿಗೆ ಕೊರತೆಯಿಲ್ಲ. ಆದರೆ ಇಳಕಲ್ ಎಂದು ನಂಬಿ ನಾವು ಮನೆಗೆ ತರುವ ಸೀರೆಗಳಲ್ಲಿ ಕೈಮಗ್ಗದವು ಎಷ್ಟೆಂದು ಕೇಳಿಕೊಳ್ಳುವವರು ವಿರಳ.

ಅಸಲು ಇಳಕಲ್ ಸೀರೆಯ ಗುರುತು ಇರುವುದು ಸೆರಗು ಒಡಲನ್ನು ಕೂಡುವಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆಯಿಂದ ಜೋಡಿಸಬೇಕು. ಇದಕ್ಕೆ ಕೊಂಡಿ ಎಂದು ಹೆಸರು. ಕೊಂಡಿಯ ಕಾರಣದಿಂದಲೇ ಹಾಸನ್ನು ಒಂದು ಸೀರೆಯ ಅಳತೆಗೆ, ಎಂದರೆ 6, 8 ಅಥವಾ 9 ಗಜಕ್ಕೆ ಮಾತ್ರ ಸಿದ್ಧಪಡಿಸಲಾಗುತ್ತದೆ. ಮುಂದಿನ ಸೀರೆಗೆ ಪುನಃ ಮೊದಲಿನಿಂದ ಕೊಂಡಿ. ಕಂಡಿಕೆ ಸುತ್ತುವುದು ಮೊದಲಾದ ಪೂರ್ವಸಿದ್ಧತೆಯೆಲ್ಲ ಬಹುಪಾಲು ಮನೆಯ ಹೆಣ್ಣುಮಕ್ಕಳದು; ಕೂಲಿಯ ಲೆಕ್ಕದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿರುವುದು ಅಪರೂಪ. ವಿದ್ಯುತ್ ಮಗ್ಗವಾದರೋ ಉದ್ದನೆಯ ಹಾಸನ್ನು ಹೂಡಿ ಸೀರೆಯ ಮೇಲೆ ಸೀರೆ ಇಳಿಸುತ್ತದೆ. ಅಲ್ಲಿ ಒಡಲಿನ ಎಳೆಯೇ ಸೆರಗಿನೊಳಗೂ ಹಾಯುವುದರಿಂದ ಕೆಂಪು ಕಲಬೆರಕೆಯಾಗಿ ಕಾಣುತ್ತದೆ. ಸೆರಗನ್ನು ಮಗುಚಿ, ಕೂಡುಗೆರೆಯಲ್ಲಿ ಕುಣಿಕೆಗಳ ಸಾಲಿದೆಯೇ ಎಂದು ಬೆರಳಾಡಿಸಿ ನೋಡಿದರೆ ಸಾಕು. ಹಿಂದಿನ ತಲೆಮಾರಿನ ಹಿರಿಯ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಕಾನೂನಿನ ಆಸರೆ ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂದಿತು. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಇದ್ದ ಮೀಸಲು ವಸ್ತುಗಳು ಬರಬರುತ್ತ 11ಕ್ಕೆ ಇಳಿದವು. ಸೀರೆ ಇನ್ನೂ ಆ ಪಟ್ಟಿಯಲ್ಲಿದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಈ ಮಾನ್ಯತೆಯ ಶಕ್ತಿ ಎಷ್ಟೆಂಬುದು ಬ್ಯಾಡಗಿಯವರಿಗೆ ಹೊಸದಲ್ಲ. ನಮ್ಮ ಮೆಣಸಿನಕಾಯಿಗೆ ಅದು ದೊರೆತದ್ದು 2011ರಲ್ಲಿ. ಆದರೂ 2024ರ ಮಾರ್ಚಿನಲ್ಲಿ ದರ ಕುಸಿದಾಗ ರೈತರ ಆಕ್ರೋಶ ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿ ಬೀಳುವ ಮಟ್ಟಕ್ಕೆ ಹೋಯಿತು. ಹೆಸರಿಗೆ ರಕ್ಷಣೆ ದೊರೆತಿತ್ತು, ಬೆಲೆಗೆ ದೊರೆತಿರಲಿಲ್ಲ. ನೇಕಾರರ ಸ್ಥಿತಿ ಇದಕ್ಕಿಂತ ಕಷ್ಟದ್ದು. ರೈತನು ತನ್ನ ಮಾಲನ್ನು ತಾನೇ ಮಾರುಕಟ್ಟೆಗೆ ತರುತ್ತಾನೆ. ಕೂಲಿ ನೇಕಾರನಿಗೆ ನೂಲು ಕೊಡುವವನೂ ನೇಯ್ದ ಸೀರೆ ಒಯ್ಯುವವನೂ ಒಬ್ಬನೇ ಮಾಲೀಕ. ಸೀರೆಯ ಹೆಸರು ಎಷ್ಟೇ ಬೆಳಗಿದರೂ ಆ ಬೆಳಕು ಮಗ್ಗದ ಕುಣಿಯವರೆಗೆ ಇಳಿಯುವುದು ಕಷ್ಟ.

2009-10ರ ಗಣತಿಯಲ್ಲಿ ದೇಶದ ಕೈಮಗ್ಗ ಕೆಲಸಗಾರರು 43.31 ಲಕ್ಷ, 2019-20ರಲ್ಲಿ 35.22 ಲಕ್ಷ. ಹತ್ತು ವರ್ಷದಲ್ಲಿ ಎಂಟು ಲಕ್ಷ ಜನ ಮಗ್ಗ ಬಿಟ್ಟು ಎದ್ದರು, ಅಥವಾ ಅವರ ಮಕ್ಕಳು ಕೂಡಲಿಲ್ಲ.

ಇಳಕಲ್ ದೂರವೆನ್ನುವವರು ರಾಣೆಬೆನ್ನೂರು ತಾಲ್ಲೂಕಿನ ತುಮ್ಮಿನಕಟ್ಟಿಗೆ ಹೋಗಿ ಬರಬಹುದು. ಅದೂ ನೇಕಾರರ ಊರೇ. ನೇಕಾರ ಸಮ್ಮಾನ್ ಯೋಜನೆಯಲ್ಲಿ ಸರಕಾರ ಕೈಮಗ್ಗದವರಿಗೆ ವರ್ಷಕ್ಕೆ 2,000 ರೂಪಾಯಿ ಕೊಡತೊಡಗಿ, ಮುಂದೆ ಅದನ್ನು 5,000ಕ್ಕೆ ಏರಿಸಿತು. ಸ್ವಾಗತಾರ್ಹವೇ ಸರಿ, ಆದರೆ ತಿಂಗಳಿಗೆ ಹಂಚಿದರೆ 420 ರೂಪಾಯಿಯೂ ಆಗದು. 1975ರಲ್ಲಿ ಸ್ಥಾಪನೆಯಾದ ಕೈಮಗ್ಗ ಅಭಿವೃದ್ಧಿ ನಿಗಮ ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ನೇಯಿಸಿದ ಕ್ರಮ ನಮಗೆ ಇದಕ್ಕಿಂತ ಮೇಲೆನಿಸುತ್ತದೆ. ಅದು ಕೆಲಸ ಕೊಟ್ಟು ಕೂಲಿ ಕೊಡುವ ದಾರಿ. ಕಾಯಕವನ್ನು ಒಪ್ಪುವ ನಮಗೆ ಈ ಭೇದ ತಿಳಿಯದ್ದೇನಲ್ಲ. ಆದ್ಯ ವಚನಕಾರರಲ್ಲಿ ಒಬ್ಬರಾದ ಮುದನೂರಿನ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತವರು. ಅವರ ಜಯಂತಿಯನ್ನು ನಾವು ತಪ್ಪದೆ ಆಚರಿಸುತ್ತೇವೆ.

ಆಚರಿಸುವಾಗ ಹೊದಿಸುವ ಶಾಲು ಮಾತ್ರ ವಿದ್ಯುತ್ ಮಗ್ಗದ ಪಾಲಿಯೆಸ್ಟರಿನದು. ಇದನ್ನು ಬೇರೆಯವರ ಮೇಲೆ ಹಾಕುವಂತಿಲ್ಲ. ಮಠದ ಸಮಾರಂಭಗಳಿಗೆ ಸಗಟಿನಲ್ಲಿ ಶಾಲು ತರಿಸುವವರು ನಾವೇ, ಅಗ್ಗವೆಂದು ತರಿಸಿದವರೂ ನಾವೇ. ಸನ್ಮಾನಿತರಲ್ಲಿ ಬಹಳಷ್ಟು ಜನ ಅದನ್ನು ಎರಡನೆಯ ಸಲ ಹೊದೆಯುವುದಿಲ್ಲವೆಂಬುದೂ ಗೊತ್ತಿತ್ತು.

ಮುಂದಿನ ಜಾತ್ರೆಯಿಂದ ಶಾಲು ಮತ್ತು ಉಡಿ ತುಂಬುವ ಸೀರೆಗಳನ್ನು ನೇಕಾರರಿಂದಲೇ ಮುಂಗಡ ಕೊಟ್ಟು ನೇಯಿಸಬೇಕೆಂಬ ಪ್ರಸ್ತಾಪವನ್ನು ಪೂಜ್ಯರ ಸನ್ನಿಧಿಯಲ್ಲಿ ಇರಿಸಿದ್ದೇವೆ. ಖರ್ಚು ಹೆಚ್ಚುತ್ತದೆ. ಸನ್ಮಾನಿತರ ಪಟ್ಟಿಯನ್ನು ಅರ್ಧಕ್ಕೆ ಇಳಿಸಬೇಕಾದೀತು. ಪಟ್ಟಿ ಬರೆಯುವ ಹೊಣೆಯೂ ನಮ್ಮದೇ ಆದುದರಿಂದ, ಹೆಸರು ಬಿಟ್ಟುಹೋದವರು ನಮ್ಮನ್ನೇ ಕೇಳಲಿ.